ಗೇಟಿನ ಬಳಿ ಒಂದು ಹಣತೆ: ಅಗಲಿದ ಸಾಕುಪ್ರಾಣಿಯ ನೆನಪಿನಲ್ಲಿ ಹಬ್ಬ ಮಾಡುವ ಸೂತ್ರಗಳು

ಹೋದ ವರ್ಷ ದೀಪಾವಳಿಗೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ ನಮ್ಮ ಗುಂಡ ಹೋದ. ಹನ್ನೊಂದು ವರ್ಷದ ನಾಯಿ. ಮಂಡಕ್ಕಿ ಭಟ್ಟಿ ಕಡೆಯಿಂದ ಕೈಚೀಲದಲ್ಲಿ ಹಾಕಿಕೊಂಡು ತಂದಾಗ ಅಂಗೈಯಗಲ ಇದ್ದ. ಭಟ್ಟಿಯ ಋಣವೋ ಏನೋ, ನೆಲಕ್ಕೆ ಬಿದ್ದ ಮಂಡಕ್ಕಿಯನ್ನು ಕೊನೆಯವರೆಗೂ ನಾಲಿಗೆಯ ತುದಿಯಲ್ಲಿ ಒಂದೊಂದೇ ಕಾಳಾಗಿ ಹೆಕ್ಕಿ ತಿನ್ನುತ್ತಿದ್ದ. ಅವನು ಹೋದ ದಿನವೇ ಪಕ್ಕದ ಮನೆಗೆ ಸುಣ್ಣ ಬಣ್ಣ ನಡೆದಿತ್ತು. ಹೈಸ್ಕೂಲ್ ಮೈದಾನದಲ್ಲಿ ಪಟಾಕಿ ಮಳಿಗೆಗಳಿಗೆ ತಗಡು ಇಳಿಸುತ್ತಿದ್ದರು. ಹಬ್ಬ ಯಾರಿಗಾಗಿಯೂ ಕಾಯುವುದಿಲ್ಲ.

ಈ ಸೂತ್ರಗಳು ಆ ಒಂಬತ್ತು ದಿನ ಮತ್ತು ಆಮೇಲಿನ ಒಂದು ವರ್ಷದಲ್ಲಿ ನಾನು ಕಲಿತವು. ಅಳು ನಿಲ್ಲಿಸುವುದನ್ನು ನಾನು ಯಶಸ್ಸು ಎನ್ನುವುದಿಲ್ಲ. ಹಬ್ಬವೂ ಆಗಬೇಕು, ಹೋದ ಜೀವದ ಹೆಸರೂ ಮನೆಯಲ್ಲಿ ಕೇಳಿಸಬೇಕು. ಎರಡೂ ಆದರೆ ಗೆದ್ದಂತೆ.

1. ಮೊದಲು ಮಣ್ಣಿನ ಕೆಲಸ ಸರಿಯಾಗಿ ಮಾಡಿ

ಮಣ್ಣು ಮಾಡುವ ಕೆಲಸ ಅರೆಬರೆಯಾದರೆ ಆ ಕೊರಗು ವರ್ಷಗಟ್ಟಲೆ ಉಳಿಯುತ್ತದೆ. ನಗರದಲ್ಲಿ ಜಾಗವಿಲ್ಲ ಎಂದು ಚೀಲದಲ್ಲಿ ಕಟ್ಟಿ ಹೊಳೆಗೋ ಕೆರೆಗೋ ಬಿಡುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ದಾವಣಗೆರೆಯ ನಲ್ಲಿಗಳಿಗೆ ಬರುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರು. ಕುಂದವಾಡ ಕೆರೆಯೂ ಕುಡಿಯುವ ನೀರಿನ ಕೆರೆಯೇ. ನಾವು ಪ್ರೀತಿಯಿಂದ ಸಾಕಿದ್ದನ್ನು ನಾವೇ ಕುಡಿಯುವ ನೀರಿಗೆ ಬಿಡುವುದು ಪ್ರೀತಿಯಲ್ಲ.

ನಾವು ಗುಂಡನನ್ನು ಹರಿಹರದ ಹತ್ತಿರ ಭಾವನವರ ಗದ್ದೆಗೆ ಒಯ್ದೆವು. ಹದಿನಾಲ್ಕು ಕಿಲೋಮೀಟರ್ ದಾರಿ, ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮೊದಲು ತೂಬಿನ ಹತ್ತಿರ ಅಗೆಯಲು ಹೋಗಿ ಎಡವಿದೆವು. ಭದ್ರಾ ನಾಲೆಯ ನೀರು ಹರಿಯುವ ಕಾಲ, ಭತ್ತ ತೆನೆ ಕಟ್ಟಿ ನಿಂತಿತ್ತು, ಎರಡಡಿ ಅಗೆಯುವಷ್ಟರಲ್ಲಿ ಗುಂಡಿಯಲ್ಲಿ ನೀರು ಒಸರಿತು. ಭಾವ ಹಾರೆ ಹೆಗಲಿಗಿಟ್ಟುಕೊಂಡು, “ಅವನನ್ನ ನೀರಾಗೆ ಮಲಗಿಸೋದು ಬ್ಯಾಡ, ದಿಬ್ಬದ ಮ್ಯಾಲೆ ಬರ್ರಿ” ಎಂದು ಬೇವಿನ ಮರದ ಕಡೆ ನಡೆದರು. ಅಲ್ಲಿ ಮಣ್ಣು ಒಣಗಿತ್ತು.

ಹಾಗಾಗಿ ನೆನಪಿಡಿ: ಅಚ್ಚುಕಟ್ಟಿನ ಜಮೀನಾದರೆ ಎತ್ತರದ ಜಾಗ ನೋಡಿ. ಬಾವಿ, ಬೋರ್‌ವೆಲ್‌ಗಳಿಂದ ದೂರವಿರಲಿ. ಗುಂಡಿ ನಾಲ್ಕು ಅಡಿ ಇರಲಿ. ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ, ಹತ್ತಿ ಬಟ್ಟೆ ಸಾಕು. ನಮ್ಮವ್ವ ತನ್ನ ಹಳೆಯ ಇಳಕಲ್ ಸೀರೆ ಕೊಟ್ಟಳು. ಚಳಿಗಾಲದಲ್ಲಿ ಅವನು ಅದನ್ನೇ ಹಾಸಿಕೊಂಡು ಮಲಗುತ್ತಿದ್ದುದು. ಮಣ್ಣು ಮುಚ್ಚಿದ ಮೇಲೆ ನಾಲ್ಕು ದಪ್ಪ ಕಲ್ಲು ಹೇರಿ. ಇಲ್ಲದಿದ್ದರೆ ಬೇರೆ ನಾಯಿಗಳು ಬಂದು ಕೆದಕುತ್ತವೆ. ಜಮೀನಿನ ಅನುಕೂಲವಿಲ್ಲದವರು ಪಾಲಿಕೆ ಅಥವಾ ನಗರಸಭೆಯ ಆರೋಗ್ಯ ವಿಭಾಗಕ್ಕೆ ಫೋನ್ ಮಾಡಿ ಕೇಳಿ. ಹಬ್ಬದ ರಜೆ ಶುರುವಾಗುವ ಮುಂಚೆಯೇ ಕೇಳಿ. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ಮಾತ್ರ ಬರಿಗೈಯಲ್ಲಿ ಮುಟ್ಟದೆ ಮೊದಲು ಪಶುವೈದ್ಯರಿಗೆ ತಿಳಿಸಿ.

2. ಸೂತಕದ ಮಾತನ್ನು ಅಂದೇ ಮುಗಿಸಿ

ನಾಯಿ ಸತ್ತರೆ ಸೂತಕವುಂಟೇ, ಹಬ್ಬ ಮಾಡಬಹುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮನೆಯ ಹಿರಿಯರ ಹತ್ತಿರ ಕೂತು ಆ ದಿನವೇ ತೀರ್ಮಾನ ಮಾಡಿ. ನಮ್ಮಲ್ಲಿ ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: “ಮೈ ತೊಳಕಂಡು ದೀಪ ಹಚ್ರಿ. ಮನಿ ಕತ್ತಲಿದ್ರೆ ಅದಕ್ಕೂ ಸಮಾಧಾನ ಆಗಲ್ಲ.” ಮೂರನೇ ದಿನ ಅವಳೇ ಒಂದು ಲೋಟ ಹಾಲು, ಚಮಚ ತುಪ್ಪ ಕಳಿಸಿದಳು. ಭಾವ ಬೇವಿನ ಬುಡದಲ್ಲಿ ಬಿಟ್ಟು ಬಂದರು. ಶಾಸ್ತ್ರ ಕೇಳಲು ಯಾರೂ ಹೋಗಲಿಲ್ಲ.

3. ಮಕ್ಕಳಿಗೆ ನಿಜ ಹೇಳಿ

“ಗುಂಡ ಊರಿಗೆ ಹೋಗಿದ್ದಾನೆ, ಹಬ್ಬಕ್ಕೆ ಬರ್ತಾನೆ” ಎನ್ನಬೇಡಿ. ಹಬ್ಬ ಬಂದೇ ಬರುತ್ತದೆ, ಮಗು ಗೇಟಿನ ಹತ್ತಿರ ಕಾಯುತ್ತದೆ. “ನಿದ್ದೆ ಮಾಡ್ತಿದ್ದಾನೆ” ಎಂದರೆ ರಾತ್ರಿ ತಾನು ಕಣ್ಣು ಮುಚ್ಚಲು ಹೆದರುತ್ತದೆ. ಸತ್ತ ಎಂಬ ಮಾತನ್ನೇ ಬಳಸಿ, ಮೆತ್ತಗೆ ಹೇಳಿ. ವಯಸ್ಸಾಗಿತ್ತು, ಕಿಡ್ನಿ ಕೆಲಸ ಮಾಡುವುದು ನಿಂತಿತ್ತು, ಈಗ ನೋವಿಲ್ಲ ಎಂದು ಹೇಳಿ. ಮಣ್ಣು ಮಾಡುವಾಗ ಬರುತ್ತೇನೆಂದರೆ ಕರೆದುಕೊಂಡು ಹೋಗಿ. ಒಲ್ಲೆ ಎಂದರೆ ಒತ್ತಾಯ ಬೇಡ. ನನ್ನ ಮಗಳು ಬಂದಳು. ಒಂದು ಹಿಡಿ ಮಂಡಕ್ಕಿ ತಂದಿದ್ದಳು, ಅದನ್ನು ಗುಂಡಿಗೆ ಹಾಕಿದಳು.

4. ತಟ್ಟೆ, ಸರಪಳಿ ತೆಗೆಯಲು ಅವಸರ ಬೇಡ

ಹಬ್ಬದ ಮುಂಚೆ ಮನೆ ತೊಳೆಯುವುದು ನಮ್ಮ ಪದ್ಧತಿ. ಆ ಭರದಲ್ಲಿ ಮೊದಲು ಹೊರಗೆ ಹೋಗುವುದು ಇವೇ ಸಾಮಾನು. ಗುಂಡನ ಸ್ಟೀಲ್ ತಟ್ಟೆಯ ಒಂದು ಅಂಚು ಅವನು ಕಚ್ಚಿ ಎಳೆದೆಳೆದು ನೆಗ್ಗಿತ್ತು. ಹಿಂದಿನ ಬಾಗಿಲಿನ ಕೆಳಗೆ, ಮೊಣಕಾಲೆತ್ತರದಲ್ಲಿ, ಉಗುರಿನಿಂದ ಕೆರೆದ ಐದಾರು ಗೆರೆಗಳು. ಬಣ್ಣದವನು ಬ್ರಷ್ ಅದ್ದಿಕೊಂಡು ಬಂದಾಗ ನನ್ನ ಹೆಂಡತಿ ಅಡ್ಡ ನಿಂತಳು. “ಆ ಬಾಗಿಲಿಗೆ ಈ ವರ್ಷ ಬ್ಯಾಡಪ್ಪ” ಎಂದಳು. ಅವನೂ ಏನೂ ಕೇಳದೆ ಮುಂದಿನ ಗೋಡೆಗೆ ಹೋದ. ಆ ಗೆರೆಗಳು ಈಗಲೂ ಇವೆ.

ಎಲ್ಲವನ್ನೂ ಇಟ್ಟುಕೊಳ್ಳಿ ಎನ್ನುತ್ತಿಲ್ಲ. ಉಳಿದ ಔಷಧಿ, ಸಿರಿಂಜು, ಕಾಯಿಲೆಯ ವಾಸನೆಯ ಬಟ್ಟೆ ತೆಗೆದುಬಿಡಿ, ಅವು ಕೊನೆಯ ಕಷ್ಟದ ದಿನಗಳನ್ನೇ ಕಣ್ಣಮುಂದೆ ತರುತ್ತವೆ. ಚೆನ್ನಾಗಿದ್ದ ದಿನಗಳ ಒಂದೆರಡು ವಸ್ತು ಸಾಕು. ಫೋನಿನಲ್ಲಿರುವ ಫೋಟೊಗಳನ್ನು ಇನ್ನೊಂದು ಕಡೆ ಉಳಿಸಿ, ಒಂದನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಫೋನು ಕೆಟ್ಟ ದಿನ ಎರಡನೇ ಸಲ ಕಳೆದುಕೊಂಡಂತಾಗಬಾರದು.

5. ಎಡೆಯಲ್ಲಿ ಅದಕ್ಕೂ ಪಾಲಿರಲಿ

ನಮ್ಮ ಸೀಮೆಯಲ್ಲಿ ಹಿರಿಯರಿಗೆ ಎಡೆ ಇಡುವುದು ಕೆಲವು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ, ಕೆಲವರಲ್ಲಿ ದೀಪಾವಳಿಗೇ. ಹೊಸ ಬಟ್ಟೆ ಮಡಚಿಟ್ಟು, ಹೋಳಿಗೆ, ಕೋಸಂಬರಿ ಬಡಿಸಿ, ಹೋದವರ ಹೆಸರು ಹೇಳಿ ಕೈಮುಗಿಯುತ್ತೇವೆ. ಸಾವಿನ ಜೊತೆ ಊಟ ಮಾಡಲು ನಮಗೆ ಯಾರೂ ಕಲಿಸಬೇಕಿಲ್ಲ. ಹಿರಿಯರ ಸಾಲಿನಲ್ಲೇ ನಾಯಿಯ ಫೋಟೊ ಇಟ್ಟರೆ ಮನೆಯಲ್ಲಿ ಯಾರಿಗಾದರೂ ಕಸಿವಿಸಿ ಆಗಬಹುದು. ಅವರ ಮನಸ್ಸು ನೋಯಿಸಿ ನೆನಪು ಮಾಡಬೇಕಾಗಿಲ್ಲ. ಎಡೆಯಿಂದ ಒಂದು ತುತ್ತು ಬೇರೆ ತೆಗೆದು, ಹೆಸರು ಹೇಳಿ, ಹಿತ್ತಿಲಿನಲ್ಲಿಡಿ. ಸಂಜೆ ಹಣತೆ ಸಾಲು ಹಚ್ಚುವಾಗ ಅದು ಮಲಗುತ್ತಿದ್ದ ಜಾಗಕ್ಕೊಂದು ಹಣತೆ. ನಮ್ಮದು ಗೇಟಿನ ಬಲಗಡೆ, ಮೀಟರ್ ಬೋರ್ಡಿನ ಕೆಳಗೆ.

6. ‘ಬರೀ ನಾಯಿ ತಾನೇ’ ಎಂದವರಿಗೆ ವಾದ ಮಾಡಬೇಡಿ, ಆದರೆ ತಲೆಯನ್ನೂ ತಗ್ಗಿಸಬೇಡಿ

ಹಬ್ಬಕ್ಕೆ ನೆಂಟರು ಬರುತ್ತಾರೆ, ಈ ಮಾತು ಬರುತ್ತದೆ. ಒಂದು ಉತ್ತರ ಸಿದ್ಧವಿರಲಿ: “ಹನ್ನೊಂದು ವರ್ಷ ಜೊತೆಗಿದ್ದ, ಬ್ಯಾಸರ ಆಗೈತೆ.” ಅಷ್ಟು ಹೇಳಿ ಚಹಾ ಕೊಡಿ.

ಆದರೆ ನಿಮ್ಮ ಮನಸ್ಸಿನಲ್ಲಿ ಒಂದು ಸಂಗತಿ ಗಟ್ಟಿಯಾಗಿರಲಿ. ನಾಯಿಗಾಗಿ ದುಃಖಪಡುವುದು ಇತ್ತೀಚಿನ ಪಟ್ಟಣದವರ ಶೋಕಿಯಲ್ಲ. ಈ ನೆಲದಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಶಕವರ್ಷ 872, ಅಂದರೆ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಬೇಕಾದ್ದನ್ನು ಕೇಳು ಎಂದರು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಿತು, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇವಾಲಯದ ಎದುರು ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂಬ ಕಟ್ಟುಪಾಡನ್ನೂ ಬರೆಸಿದ. ನಾಯಿ ಮತ್ತು ಹಂದಿ ಕಾದುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಒಮ್ಮೆ ತೋರಿಸಿ.

ಅಷ್ಟು ದೂರ ಯಾಕೆ, ಹರಿಹರದಲ್ಲಿ ಹೊಳೆ ದಾಟಿ ಮುಂದೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಅಲ್ಲಿನ ಮೈಲಾರಲಿಂಗನ ಗೊರವರು ತಾವು ಆ ದೇವರ ನಾಯಿಗಳೆಂದು ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ ಪ್ರಸಾದಕ್ಕೆ ಬಾಯಿ ಹಚ್ಚುತ್ತಾರೆ. ಅವರ ಪಾಲಿಗೆ ನಾಯಿ ಎನ್ನಿಸಿಕೊಳ್ಳುವುದು ಭಕ್ತಿ. ಹೀಗಿರುವಾಗ ನಿಮ್ಮ ಕಣ್ಣೀರಿಗೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ.

7. ‘ಹಾಗೆ ಮಾಡಿದ್ದರೆ ಉಳೀತಿತ್ತೇನೋ’ ಎನ್ನುವುದನ್ನು ಹಾಳೆಯ ಮೇಲೆ ಬರೆದು ನೋಡಿ

ಇದು ಎಲ್ಲಕ್ಕಿಂತ ಕಷ್ಟದ್ದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಇದೇ ಲೆಕ್ಕ ಹಾಕುತ್ತಿದ್ದೆ. ಗುಂಡನ ಕೊನೆಯ ದಿನ ನಾವು ಪಶುವೈದ್ಯರನ್ನು ಹುಡುಕಿ ಹೋದ ಎರಡು ಕಡೆ ಬಾಗಿಲು ಹಾಕಿತ್ತು. ಮೂರನೆಯವರು ನೋಡಿದಾಗ ಸಂಜೆಯಾಗಿತ್ತು. ನಾಲ್ಕು ದಿನ ಅದನ್ನೇ ಎದೆಯಲ್ಲಿ ಕುದಿಸಿಕೊಂಡು, ಐದನೇ ದಿನ ಒಂದು ಹಾಳೆ ತೆಗೆದುಕೊಂಡು ಬರೆದೆ. ಕಾಯಿಲೆ ಗೊತ್ತಾದ ದಿನ, ಕೊಡಿಸಿದ ಡ್ರಿಪ್, ಬದಲಿಸಿದ ಊಟ, ಎದ್ದು ಕೂತ ರಾತ್ರಿಗಳು, ಎಲ್ಲ. ಹಾಳೆ ಎರಡೂ ಮಗ್ಗುಲು ತುಂಬಿತು. ವಯಸ್ಸಾದ ನಾಯಿಯ ಕಿಡ್ನಿ ಸೋತರೆ ಒಂದು ಮಧ್ಯಾಹ್ನದ ತಡದಿಂದ ಬದಲಾಗುವುದು ಬಹಳ ಕಡಿಮೆ ಎಂದು ಆ ವೈದ್ಯರೇ ಹೇಳಿದ್ದರು. ಬರೆದ ಮೇಲೆಯೇ ಅವರ ಮಾತು ನನಗೆ ಕೇಳಿಸಿದ್ದು.

ಮನೆಯಲ್ಲಿ ಇನ್ನೂ ಪ್ರಾಣಿಗಳಿದ್ದರೆ ಹಬ್ಬದ ಮುಂಚೆ ಒಂದು ಕೆಲಸ ಮಾಡಿಡಿ. ರಜೆಯಲ್ಲಿ ಯಾವ ಪಶುವೈದ್ಯರು ಸಿಗುತ್ತಾರೆ ಎಂದು ಕೇಳಿ, ನಂಬರ್ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ರಾಜ್ಯದ ಪಶು ಸಂಚಾರಿ ಚಿಕಿತ್ಸೆಯ ಸಹಾಯವಾಣಿ 1962ನ್ನೂ ಜೊತೆಗೆ ಬರೆಯಿರಿ. ಹಸು, ಎತ್ತು, ಕುರಿ ಇರುವವರಿಗಂತೂ ಅದು ಬಾಯಿಪಾಠ ಇರಬೇಕು.

8. ಪಟಾಕಿಯ ಸಂಜೆಗೆ ಮೊದಲೇ ಯೋಜನೆ ಇರಲಿ

ಮೊದಲ ಪಟಾಕಿ ಸಿಡಿದಾಗ ನಮ್ಮ ಕಣ್ಣು ತಾನಾಗಿ ಮಂಚದ ಕೆಳಗೆ ಹೋಯಿತು. ಪ್ರತಿವರ್ಷ ಗುಂಡ ಅಡಗುತ್ತಿದ್ದ ಜಾಗ. ಸಂಜೆ ಏಳರಿಂದ ಹತ್ತರವರೆಗೆ ಏನು ಮಾಡುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ನಾವು ನರಕ ಚತುರ್ದಶಿಯ ಸಂಜೆ ಹರಿಹರಕ್ಕೆ ಹೋಗಿ ಹರಿಹರೇಶ್ವರನ ಗುಡಿಯ ಕಲ್ಲುಕಂಬಗಳ ನಡುವೆ ಕೂತೆವು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿ ನಾಲ್ಕೈದು ಬೀದಿ ನಾಯಿಗಳು ಜಗುಲಿಯ ಬದಿಗೆ ಮುದುಡಿ ಮಲಗಿದ್ದವು. ಮಗಳು ಅವುಗಳನ್ನೇ ನೋಡುತ್ತ ಬಹಳ ಹೊತ್ತು ಕೂತಳು.

ಮನೆಯಲ್ಲಿ ಇನ್ನೊಂದು ನಾಯಿಯೋ ಬೆಕ್ಕೋ ಇದ್ದರೆ ಅದನ್ನು ಮರೆಯಬೇಡಿ. ಜೊತೆಗಾರ ಕಾಣದೆ ಅದೂ ಹುಡುಕುತ್ತದೆ, ಊಟ ಬಿಡುತ್ತದೆ. ಅದರ ಮೇಲೆ ಪಟಾಕಿ. ಮನುಷ್ಯನ ಕಿವಿಗೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ 45 ಸಾವಿರದ ಹತ್ತಿರದವರೆಗೆ ಕೇಳಿಸುತ್ತದೆ. ಕತ್ತಲಾಗುವ ಮುಂಚೆಯೇ ತಿರುಗಾಡಿಸಿ ತನ್ನಿ, ಒಳಕೋಣೆಯಲ್ಲಿ ಫ್ಯಾನ್, ಟಿವಿ ಹಾಕಿಡಿ, ಒಬ್ಬರು ಹತ್ತಿರವಿರಿ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅದನ್ನು ಓಣಿಯ ಹುಡುಗರಿಗೆ ಪ್ರೀತಿಯಿಂದ ತಿಳಿಸಿ. ಗದರಿದರೆ ಕೇಳುವುದಿಲ್ಲ, ಕಾರಣ ಹೇಳಿದರೆ ಕೇಳುತ್ತಾರೆ.

9. ಕೊಟ್ಟಿಗೆಯವರ ಹತ್ತಿರ ಕೂತು ಮಾತಾಡಿ

ಬಲಿಪಾಡ್ಯಮಿಯ ದಿನ ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಚೆಂಡು ಹೂವಿನ ಹಾರ ಹಾಕುವ ಹೊತ್ತಿಗೆ ಒಂದು ಗೂಟ ಖಾಲಿ ಇದ್ದರೆ ರೈತನಿಗೆ ಹೇಗಾಗುತ್ತದೆ ಎಂದು ಕೇಳಿ ನೋಡಿ. ದುಡಿದ ಎತ್ತು ಸತ್ತರೆ ಹೊಲದಲ್ಲೇ ಮಣ್ಣು ಮಾಡಿ, ಆ ಜಾಗದಲ್ಲಿ ಕುಂಟೆ ಹೊಡೆಯದೆ ಬಿಡುವವರು ಈಗಲೂ ಇದ್ದಾರೆ. ಭಾವ ತಮ್ಮ ಹಳೆಯ ಎತ್ತಿನ ಕಥೆಯನ್ನು ಅಂದು ಒಂದು ತಾಸು ಹೇಳಿದರು. ನನ್ನ ಎದೆ ಹಗುರಾಗಿದ್ದು ಆ ತಾಸಿನಲ್ಲಿ.

10. ಅದರ ಹೆಸರಿನಲ್ಲಿ ಒಂದು ಕೆಲಸ, ಒಂದೇ ಒಂದು

ಹತ್ತು ಯೋಜನೆ ಹಾಕಿದರೆ ಯಾವುದೂ ನಡೆಯುವುದಿಲ್ಲ. ಗೇಟಿನ ಹೊರಗೆ ನೀರಿನ ಸಣ್ಣ ಸಿಮೆಂಟ್ ತೊಟ್ಟಿ ಇಟ್ಟು ದಿನಾ ತೊಳೆದು ತುಂಬಿಸಿ. ಅಥವಾ ಚಳಿ ಶುರುವಾಗುವಾಗ ಬೀದಿ ಮರಿಗಳಿಗೆ ಗೋಣಿಚೀಲ ಹಾಸಿ. ಅಥವಾ ಒಂದು ಬೀದಿ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಅನ್ನ ಹಾಕುವುದಾದರೆ ಜನ ಓಡಾಡುವ ದಾರಿ ಬಿಟ್ಟು ಮೂಲೆಯಲ್ಲಿ ಹಾಕಿ, ಎಲೆ ನೀವೇ ಎತ್ತಿ. ಹಬ್ಬದ ಸಿಹಿ ಹಾಕಬೇಡಿ. ಅದರಲ್ಲೂ ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮೊಸರನ್ನ, ಬೇಯಿಸಿದ ಮೊಟ್ಟೆ ಸಾಕು.

11. ಹೊಸ ಮರಿಯನ್ನು ಹಬ್ಬದ ಉಡುಗೊರೆ ಮಾಡಬೇಡಿ

ಅಳುವ ಮಗುವನ್ನು ಸಮಾಧಾನ ಮಾಡಲು ಅದೇ ವಾರ ಮರಿ ತರುವುದು ತಪ್ಪು. ಪಟಾಕಿಯ ನಡುವೆ ತಾಯಿ ಬಿಟ್ಟು ಬಂದ ಮರಿಗೂ ಅದು ಅನ್ಯಾಯ. ಇನ್ನೊಂದು ಕಾರಣವೂ ಇದೆ. ನಿಮ್ಮ ನಾಯಿ ಪಾರ್ವೋದಿಂದ ಹೋಗಿದ್ದರೆ ಆ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಿರುತ್ತದೆ, ಸಾಮಾನ್ಯ ಸೋಪಿಗೆ ಸಾಯುವುದಿಲ್ಲ. ನೆಲ, ತಟ್ಟೆಗಳನ್ನು ಬ್ಲೀಚ್ ಬೆರೆಸಿದ ನೀರಿನಿಂದ ತೊಳೆಯಬೇಕು, ಲಸಿಕೆ ಪೂರ್ತಿಯಾಗದ ಮರಿಯನ್ನು ಆ ಅಂಗಳಕ್ಕೆ ತರಬಾರದು.

ಹಾಗೆಂದು ಇನ್ನೊಂದು ನಾಯಿ ಸಾಕುವುದೇ ದ್ರೋಹ ಎಂದು ಬಾಗಿಲು ಹಾಕಿಕೊಳ್ಳಲೂ ಬೇಡಿ. ನಮ್ಮ ದಾವಣಗೆರೆ ಪೊಲೀಸರ ತುಂಗಾಳನ್ನು ನೆನೆಯಿರಿ. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ವಾಸನೆ ಹಿಡಿದು ಓಡಿ ಆರೋಪಿಯ ಜಾಡು ತೋರಿಸಿದ ಡಾಬರ್‌ಮನ್ ಅದು. 2022ರಲ್ಲಿ ತೀರಿಕೊಂಡಾಗ ಊರಿಗೆ ಊರೇ ಮರುಗಿತು. ಆಮೇಲೆ ದಳಕ್ಕೆ ಬಂದ ನಾಯಿಗೆ ತುಂಗಾ-2 ಎಂದೇ ಹೆಸರಿಟ್ಟರು. ಅದೂ 2024ರಲ್ಲಿ ಮಳೆಯಲ್ಲಿ ಸುಮಾರು 8 ಕಿಲೋಮೀಟರ್ ಓಡಿ ಕೊಲೆಯ ಆರೋಪಿಯನ್ನು ಪತ್ತೆ ಹಚ್ಚಿತು. ಹೊಸದು ಬಂದದ್ದರಿಂದ ಹಳೆಯದು ಮರೆಯಾಗಲಿಲ್ಲ. ಹೆಸರು ಕರೆದಾಗೆಲ್ಲ ಎರಡೂ ನೆನಪಾಗುತ್ತವೆ. ನಮ್ಮ ಮನೆಗೆ ಇನ್ನೂ ಯಾರೂ ಬಂದಿಲ್ಲ. ಬರುವ ಬೇಸಿಗೆಗೆ ನೋಡೋಣ ಎಂದು ಮಗಳು ಹೇಳಿದ್ದಾಳೆ, ಅವಳೇ ಹೇಳಲಿ ಎಂದು ನಾವು ಕಾದಿದ್ದೇವೆ.

12. ಪಕ್ಕದ ಮನೆಯವರಾದರೆ, ಹೆಸರು ಹಿಡಿದು ಕೇಳಿ

ಇದು ಕಳೆದುಕೊಂಡವರಿಗಲ್ಲ, ಅವರ ಓಣಿಯವರಿಗೆ. ಹೋದ ವರ್ಷ ಹಬ್ಬದ ಮರುದಿನ ಎದುರು ಮನೆಯ ಅಜ್ಜಿ ಹೋಳಿಗೆ ಡಬ್ಬಿ ಹಿಡಿದು ಬಂದವರು ಗೇಟು ತೆರೆದು, ಎಂದಿನಂತೆ ಒಂದು ಗಳಿಗೆ ನಿಂತರು. ಅವರು ಬಂದಾಗೆಲ್ಲ ಗುಂಡ ಎರಡು ಸಲ ಬೊಗಳಿ ಸೆರಗು ಮೂಸುತ್ತಿದ್ದ. ಆಮೇಲೆ ಒಳಗೆ ಬಂದು, “ಗುಂಡನ್ನ ಎಲ್ಲಿ ಮಣ್ಣು ಮಾಡಿದ್ರಿ?” ಎಂದು ಕೇಳಿದರು. ಆ ಹಬ್ಬದಲ್ಲಿ ಮನೆಯವರನ್ನು ಬಿಟ್ಟು ಅವನ ಹೆಸರು ಹೇಳಿದ್ದು ಅವರೊಬ್ಬರೇ. ಅವ್ವ ಅವರ ಕೈ ಹಿಡಿದುಕೊಂಡು ಅತ್ತಳು, ಆಮೇಲೆ ಇಬ್ಬರೂ ಕೂತು ಊಟ ಮಾಡಿದರು.

ಈ ಸಲ ನಿಮ್ಮ ಓಣಿಯಲ್ಲಿ ಯಾರ ಮನೆಯ ಗೇಟಿನಲ್ಲಾದರೂ ಸರಪಳಿ ಖಾಲಿ ನೇತಾಡುತ್ತಿದ್ದರೆ, ಹೋಳಿಗೆ ಕೊಡಲು ಹೋದಾಗ ನೋಡಿಯೂ ನೋಡದಂತೆ ಬಂದುಬಿಡಬೇಡಿ. ಒಂದು ಗಳಿಗೆ ನಿಂತು ಅದರ ಹೆಸರು ಹಿಡಿದು ಕೇಳಿ.